ಪೆಡಲ್ ಒತ್ತುವ ಮುನ್ನ ಆಕ್ಸಿಜನ್ ಎಷ್ಟಿದೆ?

ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳಕ್ಕೆ ಕೊಳವೆಯಂಥ ಸ್ಕೋಪ್ ಇಳಿಸಿ ನೋಡುವ ಕೋಣೆಯಲ್ಲಿ ಅನಸ್ತೇಸಿಯಾ (ಅರಿವಳಿಕೆ) ಕೊಡುವವಳು ನಾನು. ಶ್ವಾಸನಾಳದ ಗಡ್ಡೆಯನ್ನು ಲೇಸರ್, ಕಾಟರಿ (ವಿದ್ಯುತ್ ಶಾಖ) ಅಥವಾ ಆರ್ಗಾನ್ ಪ್ಲಾಸ್ಮಾದಿಂದ (ಆರ್ಗಾನ್ ಅನಿಲದ ಮೂಲಕ ಹಾಯುವ ವಿದ್ಯುತ್) ಸುಡುವ ದಿನ ನನ್ನ ಕಣ್ಣು ಒಂದೇ ಅಂಕಿಯ ಮೇಲಿರುತ್ತದೆ: ರೋಗಿ ಹೊರಬಿಡುವ ಉಸಿರಿನಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಎಂಬುದು. ಅದು ಹೆಚ್ಚಿದ್ದರೆ ಶ್ವಾಸನಾಳದೊಳಗೇ ಬೆಂಕಿ ಹೊತ್ತಬಹುದು.

ಈ ಅಭ್ಯಾಸ ಕಲಿಕೆಯ ದಿನಗಳಲ್ಲಿ ಬಂದದ್ದು. ಉಸಿರಾಟದ ಯಂತ್ರದ ಆಕ್ಸಿಜನ್ ಇಳಿಸಿ, ಗಡ್ಡೆ ಸುಡುವ ವೈದ್ಯರಿಗೆ "ನಲವತ್ತಕ್ಕೆ ಇಟ್ಟಿದ್ದೀನಿ ಸರ್" ಅಂದೆ. ಅವರು ಸುಡುವ ಉಪಕರಣದ ಪೆಡಲ್ ಒತ್ತಿದರು. ಪರದೆಯಲ್ಲಿ ಹಳದಿ ಬೆಳಕೊಂದು ಫಕ್ಕನೆ ಹೊತ್ತಿತು. ಅವರು ತಕ್ಷಣ ಕಾಲು ತೆಗೆದರು, ಬೆಳಕೂ ಆರಿತು. ಹೊರಗೆಳೆದಾಗ ಪ್ರೋಬ್‌ನ (ಒಳಗಿಳಿಸಿ ಸುಡುವ ಸಲಾಕೆಯ) ತುದಿ ಕರಗಿತ್ತು. ರೋಗಿಗೆ ಏನೂ ಆಗಲಿಲ್ಲ. ಆಮೇಲೆ ಮಾನಿಟರ್ ನೋಡಿದರೆ ಹೊರಬರುವ ಉಸಿರಲ್ಲಿ ಆಕ್ಸಿಜನ್ ಇನ್ನೂ 62 ಇತ್ತು. ನಾನು ಹೇಳಿದ್ದು ಯಂತ್ರದ ಅಂಕಿ, ಶ್ವಾಸಕೋಶದ್ದಲ್ಲ.

ಹಾಗಾಗಿ ಸುಡುವ ಕೆಲಸಕ್ಕೆ ಕೆಲವು ನಿಮಿಷ ಮೊದಲೇ ಆಕ್ಸಿಜನ್ ಇಳಿಸಿ. ಗಾಳಿಯ ಹರಿವನ್ನು ಚೆನ್ನಾಗಿ ಏರಿಸಿ. ಹರಿವು ಕಡಿಮೆಯಿದ್ದರೆ ಹಳೆಯ ಆಕ್ಸಿಜನ್ ಸರ್ಕ್ಯೂಟ್‌ನಲ್ಲೇ (ಯಂತ್ರ ಮತ್ತು ರೋಗಿಯ ನಡುವಿನ ಕೊಳವೆಗಳಲ್ಲೇ) ಸುತ್ತುತ್ತಿರುತ್ತದೆ. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ಬೇಡವೇ ಬೇಡ, ಅದೂ ಬೆಂಕಿಯನ್ನು ಪೋಷಿಸುತ್ತದೆ. ಒಳಹೋಗುವ, ಹೊರಬರುವ ಎರಡೂ ಅಂಕಿಗಳು 40ಕ್ಕಿಂತ ಕೆಳಗೆ ಬಂದು ನಿಲ್ಲಲಿ. ಆದರೆ 40 ಎಂದರೆ ಅಭಯವಲ್ಲ. ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಹಾಕುವ ಸಾಮಾನ್ಯ ಪಿವಿಸಿ (ಪ್ಲಾಸ್ಟಿಕ್) ಟ್ಯೂಬ್ ಸುಮಾರು 26 ಶೇಕಡಾ ಆಕ್ಸಿಜನ್‌ನಲ್ಲೇ ಉರಿಯಬಲ್ಲದು. ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ತಡೆದುಕೊಳ್ಳುವುದಾದರೆ ನಾನು 30ಕ್ಕೆ, ಸಾಧ್ಯವಾದರೆ ಇನ್ನೂ ಕೆಳಕ್ಕೆ ಹೋಗುತ್ತೇನೆ.

ನಮ್ಮ ಕೋಣೆಯಲ್ಲೊಂದು ಒಪ್ಪಂದವಿದೆ: ಹೊರಬರುವ ಅಂಕಿಯನ್ನು ನಾನು ಜೋರಾಗಿ ಹೇಳುವವರೆಗೆ ಪೆಡಲ್ ಮೇಲೆ ಯಾರ ಕಾಲೂ ಇರಬಾರದು. "ಸರಿ" ಅಂದರೆ ಸಾಲದು, ಅಂಕಿಯನ್ನೇ ಹೇಳಬೇಕು.

ಸ್ಯಾಚುರೇಷನ್ ಕುಸಿದರೆ ಸುಡುವುದನ್ನು ನಿಲ್ಲಿಸಿ, ಪ್ರೋಬ್ ಹೊರತೆಗೆಸಿ, ಆಮೇಲಷ್ಟೇ ಆಕ್ಸಿಜನ್ ಏರಿಸಿ. ಚೇತರಿಸಿಕೊಂಡ ಮೇಲೆ ಇಳಿಸುವುದು, ಕಾಯುವುದು, ಹೇಳುವುದು ಎಲ್ಲ ಮೊದಲಿನಿಂದ. ತಪ್ಪಾಗುವುದು ಹೆಚ್ಚಾಗಿ ಈ ಎರಡನೇ ಸುತ್ತಿನಲ್ಲೇ, ಏಕೆಂದರೆ ಆಗ ಎಲ್ಲರಿಗೂ ಅವಸರ. 40ರ ಕೆಳಗೆ ರೋಗಿ ತಾಳುವುದೇ ಇಲ್ಲವೆಂದರೆ ಶಾಖದ ಉಪಕರಣವನ್ನು ಬಿಡಲು ಹೇಳಿ. ಕ್ರಯೋ (ಹೆಪ್ಪುಗಟ್ಟಿಸಿ ತೆಗೆಯುವುದು) ಇದೆ, ಫೋರ್ಸೆಪ್ಸ್‌ (ಚಿಮುಟ) ನಿಂದ ತುಂಡು ತುಂಡಾಗಿ ತೆಗೆಯುವುದಿದೆ. ಇದನ್ನು ಹೇಳಲು ಕಿರಿಯರು ಹಿಂಜರಿಯಬಾರದು.

ಟ್ಯೂಬ್ ಇಲ್ಲದೆ, ಮೂಗಿನ ನಳಿಕೆಯಲ್ಲಿ ಆಕ್ಸಿಜನ್ ಕೊಡುವಾಗ ನನಗೆ ಭಯ ಹೆಚ್ಚು, ಏಕೆಂದರೆ ಒಳಗೆಷ್ಟು ಸೇರಿತೆಂದು ನಂಬುವಂಥ ಅಂಕಿ ಸಿಗುವುದಿಲ್ಲ. ಸುಡುವ ಮುನ್ನ ಆಕ್ಸಿಜನ್ ನಿಲ್ಲಿಸಿ, ಕೆಲವು ನಿಮಿಷ ಕಾಯಿರಿ. ರಿಜಿಡ್ (ಬಾಗದ) ಸ್ಕೋಪ್ ಲೋಹದ್ದು, ಅದು ಉರಿಯದು. ಆದರೆ ಅದರ ಮೂಲಕ ಉಸಿರು ಕೊಡುವ ಜೆಟ್‌ನಲ್ಲಿ ಬರುತ್ತಿರುವುದು ಶುದ್ಧ ಆಕ್ಸಿಜನ್ನೋ, ಗಾಳಿ ಬೆರೆತದ್ದೋ ನೋಡಿ.

ಉರಿಯುವ ವಸ್ತುಗಳನ್ನೂ ದೂರವಿಡಬೇಕು: ಟ್ಯೂಬಿನ ತುದಿ, ಸಿಲಿಕೋನ್ ಸ್ಟೆಂಟ್, ಸುಟ್ಟು ಕರಿಯಾದ ಮಾಂಸ. ಲೇಸರ್ ಇದ್ದ ದಿನ ಕಫ್‌ಗೆ (ಟ್ಯೂಬಿನ ಸುತ್ತ ಉಬ್ಬುವ ಬಲೂನಿಗೆ) ಗಾಳಿಯ ಬದಲು ನೀಲಿ ಬಣ್ಣ ಬೆರೆಸಿದ ಸಲೈನ್ ತುಂಬುತ್ತೇನೆ, ತೂತಾದರೆ ಬಣ್ಣ ಕಾಣುತ್ತದೆ. ಸಲೈನ್ ತುಂಬಿದ 50 ಮಿಲಿಯ ಎರಡು ಸಿರಿಂಜ್ ಯಾವಾಗಲೂ ನನ್ನ ಬಲಗೈ ಪಕ್ಕದಲ್ಲಿ.

ಬೆಂಕಿ ಹೊತ್ತಿತೋ, ಯಾರ ಅಪ್ಪಣೆಗೂ ಕಾಯಬೇಡಿ. ಒಬ್ಬರು ಸ್ಕೋಪನ್ನೂ ಟ್ಯೂಬನ್ನೂ ಎಳೆದು ತೆಗೆಯಲಿ, ಇನ್ನೊಬ್ಬರು ಅದೇ ಕ್ಷಣ ಎಲ್ಲ ಅನಿಲ ನಿಲ್ಲಿಸಲಿ. ಉರಿಯುವ ಚೂರುಗಳಿದ್ದರೆ ತೆಗೆದು, ಸಲೈನ್ ಸುರಿಯಿರಿ. ಬೆಂಕಿ ಆರಿದ್ದು ಖಚಿತವಾದ ಮೇಲೆ ಮಾಸ್ಕ್‌ನಲ್ಲಿ ಉಸಿರು ಕೊಡಿ, ಸಾಧ್ಯವಾದಷ್ಟೂ ಬರೀ ಗಾಳಿಯಲ್ಲೇ. ಹೊರಬಂದ ಟ್ಯೂಬನ್ನು ಎಸೆಯದೆ ಪರೀಕ್ಷಿಸಿ. ಚೂರು ಕಾಣೆಯಾಗಿದ್ದರೆ ಅದು ಒಳಗೇ ಇರಬಹುದು. ಮತ್ತೆ ಸ್ಕೋಪ್ ಹಾಕಿ ಸುಟ್ಟಗಾಯ ನೋಡಿ. ರೋಗಿ ಆರಾಮಾಗಿ ಕಂಡರೂ ಆ ರಾತ್ರಿ ಐಸಿಯುನಲ್ಲಿರಲಿ, ಶ್ವಾಸನಾಳದ ಊತ ಗಂಟೆಗಳ ನಂತರವೂ ಏರಬಲ್ಲದು.