ಬ ಎಂದರೆ ಬೆಟ್ಟೆಯೋ ಬಿಳಿಗೋಟೋ

ಶಿರಸಿಯ ಅಡಿಕೆ ಮಂಡಿಯೊಂದಕ್ಕೆ ಪೈಥಾನ್‌ನಲ್ಲಿ ಒಂದು ಚಿಕ್ಕ ಕಮಾಂಡ್ ಬರೆದುಕೊಟ್ಟಿದ್ದೇನೆ. ಟೆಂಡರ್ ಮುಗಿದ ಮೇಲೆ ದರಪಟ್ಟಿಯ ಫೈಲು ಕೊಟ್ಟರೆ ಕನಿಷ್ಠ, ಗರಿಷ್ಠ, ಸರಾಸರಿ ದರ ತೋರಿಸುತ್ತದೆ. ಬಳಸುವವರು ಗುಮಾಸ್ತರಾದ್ದರಿಂದ ಆಯ್ಕೆಗಳೂ ಕನ್ನಡದವೇ: --ಬಗೆ (ಯಾವ ಬಗೆಯ ಅಡಿಕೆ), --ಏರಿಳಿತ (ದರ ಎಷ್ಟು ಏರಿತು, ಇಳಿಯಿತು). ಇಂಥ ಆಯ್ಕೆಗಳನ್ನು ಓದಿಕೊಡುವ ಪೈಥಾನ್‌ನ ‘ಆರ್ಗ್‌ಪಾರ್ಸ್’ ಲೈಬ್ರರಿ ಇದಕ್ಕೆ ತಕರಾರು ಮಾಡುವುದಿಲ್ಲ.

ತಕರಾರು ಬಂದದ್ದು ಬೆಲೆಯಿಂದಲ್ಲ, ಅಡಿಕೆಯ ಬಗೆಯ ಹೆಸರಿನಿಂದ. ಕೆಂಪುಗೋಟು, ಬಿಳಿಗೋಟು ಎಂದು ಮತ್ತೆ ಮತ್ತೆ ಪೂರ್ತಿ ಟೈಪ್ ಮಾಡಲು ಯಾರಿಗೆ ತಾಳ್ಮೆ? “ಬ ಅಂದರೆ ಬೆಟ್ಟೆ ಎಂದು ಅದೇ ತಿಳಿದುಕೊಳ್ಳಲಿ ಮಾರಾಯರೇ” ಎಂದರು ಹಿರಿಯ ಗುಮಾಸ್ತರು. ಪಟ್ಟಿಯಲ್ಲಿ ಬೆಟ್ಟೆ ಮೊದಲಿದೆ ಎಂಬ ಕಾರಣಕ್ಕೆ ಅದನ್ನೇ ಆರಿಸುವುದು ಸುಲಭ. ಆದರೆ ಬಿಳಿಗೋಟು ಕೇಳಿದವರಿಗೆ ಬೆಟ್ಟೆಯ ದರ ಬಂದರೆ, ಅದು ತಪ್ಪು ಎಂದು ಪರದೆ ಹೇಳುವುದಿಲ್ಲ. ಅಂಕಿ ಅಂಕಿಯಂತೆಯೇ ಕಾಣುತ್ತದೆ. ಊಹಿಸುವ ಕಮಾಂಡ್ ನನಗೆ ಬೇಡ.

ಲಿನಕ್ಸ್‌ನಲ್ಲಿ ಸಿಗುವ ಗ್ನೂ ಕಮಾಂಡುಗಳ ರೀತಿ ಈ ವಿಷಯದಲ್ಲಿ ಬಹಳ ಹದವಾಗಿದೆ. ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಕಮಾಂಡಿನ ಬಣ್ಣದ ಆಯ್ಕೆಗೆ ಇಂಗ್ಲಿಷಿನ ‘ಎ’ (a) ಎಂದಷ್ಟೇ ಕೊಟ್ಟರೆ ಅದು ‘ಆಲ್ವೇಸ್’ (always) ಇರಬಹುದು, ‘ಆಟೊ’ (auto) ಇರಬಹುದು. ಅಸ್ಪಷ್ಟ ಎಂದು ನಿಂತು, ಸಲ್ಲುವ ಮೌಲ್ಯಗಳನ್ನು ಪಟ್ಟಿ ಮಾಡುತ್ತದೆ. ಅದೇ ‘ಎನ್’ ಕೊಟ್ಟರೆ ‘ನೆವರ್’, ‘ನೋ’, ‘ನನ್’ ಮೂರೂ ಹೊಂದುತ್ತವೆ, ಆದರೂ ಒಪ್ಪಿಕೊಳ್ಳುತ್ತದೆ. ಮೂರರ ಅರ್ಥವೂ ಒಂದೇ, ಜಗಳ ಎಲ್ಲಿಂದ ಬಂತು? ನಾನೂ ಇದನ್ನೇ ಅನುಸರಿಸಿದೆ. ಜೊತೆಗೆ, ಪೂರ್ಣ ಹೆಸರು ಹೊಂದಿದರೆ ಅದಕ್ಕೇ ಗೆಲುವು: ‘ಚಾಲಿ’ ಎಂದರೆ ಚಾಲಿಯೇ, ಪಟ್ಟಿಯಲ್ಲಿ ‘ಚಾಲಿ-ಹಳತು’ ಇದ್ದರೂ.

ಕನ್ನಡದ್ದೇ ಆದ ತೊಡಕು ಬೇರೊಂದಿತ್ತು. ‘ಕೆ’ ಎಂದರೆ ಕೆಂಪುಗೋಟು, ‘ಕೋ’ ಎಂದರೆ ಕೋಕಾ, ಕಣ್ಣಿಗೆ ಗೊಂದಲವಿಲ್ಲ. ಆದರೆ ಕಂಪ್ಯೂಟರಿನ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ‘ಕೋ’ವನ್ನು ಎರಡು ರೀತಿ ಬರೆಯಬಹುದು. ಕ ಮತ್ತು ಓತ್ವದ ಒಂದೇ ಚಿಹ್ನೆ ಸೇರಿಸುವುದು ಒಂದು. ಕ, ಎತ್ವ, ಊತ್ವ, ದೀರ್ಘ ಎಂದು ಬಿಡಿಸಿಡುವುದು ಇನ್ನೊಂದು. ಬಿಡಿಸಿದ ರೂಪದಲ್ಲಿ ಮೊದಲೆರಡು ಚಿಹ್ನೆಗಳು ಸೇರಿ ‘ಕೆ’ ಆಗುತ್ತವೆ! ಅಂದರೆ ‘ಕೆ’ ಎಂಬುದು ‘ಕೋಕಾ’ಕ್ಕೂ ಹೊಂದುತ್ತದೆ. ಅಷ್ಟೇ ಅಲ್ಲ, ಪೂರ್ತಿ ‘ಕೋಕಾ’ ಎಂದು ಕೊಟ್ಟರೂ ರೂಪ ಬೇರೆಯಾದರೆ ಅಂಥ ಬಗೆಯೇ ಇಲ್ಲ ಎನ್ನುತ್ತದೆ. ಹಾಗಾಗಿ ಬಂದ ಮೌಲ್ಯವನ್ನೂ ಪಟ್ಟಿಯನ್ನೂ ಹೋಲಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಚಿಹ್ನೆಗಳನ್ನು ಕೂಡಿಸಿದ ರೂಪಕ್ಕೆ, ತರುತ್ತೇನೆ. ಪೈಥಾನ್‌ನ ‘ಯೂನಿಕೋಡ್‌ಡೇಟಾ’ದಲ್ಲಿ ಇದು ಒಂದೇ ಸಾಲಿನ ಕೆಲಸ.

ಕಿರುರೂಪಕ್ಕೆ ಇನ್ನೊಂದು ಬೇಲಿ ಬೇಕಾಯಿತು. ಇಂದು ‘ರ’ ಎಂದರೆ ರಾಶಿ ಮಾತ್ರ. ನಾಳೆ ಪಟ್ಟಿಗೆ ಇನ್ನೊಂದು ‘ರ’ ಸೇರಿದರೆ, ರಾತ್ರಿ ತಾನಾಗಿಯೇ ಓಡುವ ಸ್ಕ್ರಿಪ್ಟ್ ನಿಂತುಹೋಗುತ್ತದೆ. ಅದಕ್ಕೇ ಟರ್ಮಿನಲ್‌ನಲ್ಲಿ ಮನುಷ್ಯ ಕುಳಿತಿದ್ದರೆ ಮಾತ್ರ ಕಿರುರೂಪಕ್ಕೆ ಅವಕಾಶ. ಆಯ್ಕೆಗಳ ಹೆಸರಿಗಂತೂ ಅದೂ ಇಲ್ಲ, ಪೈಥಾನ್ 3.5ರಲ್ಲಿ ಬಂದ ‘ಅಲೌ ಅಬ್ರೆವ್’ (ಕಿರುರೂಪ ಒಪ್ಪಬೇಕೇ ಬೇಡವೇ) ಸೂಚನೆಯಿಂದ ಪೂರ್ತಿ ನಿಲ್ಲಿಸಿದ್ದೇನೆ.

ಬೆಲೆ ಇಳಿದ ದಿನ ಮೈನಸ್ ಚಿಹ್ನೆ ಬರುತ್ತದೆ. --ಏರಿಳಿತ -500 ಎಂದರೆ ಆರ್ಗ್‌ಪಾರ್ಸ್ ಸಂಖ್ಯೆ ಎಂದೇ ಓದುತ್ತದೆ, -1ರಂಥ ಆಯ್ಕೆಯನ್ನು ನಾವೇ ಇಟ್ಟಿರದಿದ್ದರೆ. ಆದರೆ -500:-200 ಎಂಬ ವ್ಯಾಪ್ತಿ ಕೊಟ್ಟರೆ, ಇದು ಇನ್ನೊಂದು ಆಯ್ಕೆ ಎಂದು ತಿಳಿದು, ಮೌಲ್ಯವೇ ಬರಲಿಲ್ಲ ಎಂದು ದೂರುತ್ತದೆ. --ಏರಿಳಿತ=-500:-200 ಎಂದು ಅಂಟಿಸಿ ಬರೆದರೆ ಸಂಶಯವಿಲ್ಲ; ಸಹಾಯದ ಪುಟದಲ್ಲಿ ಈ ರೂಪವನ್ನಷ್ಟೇ ತೋರಿಸಿದ್ದೇನೆ.

ಮೌಲ್ಯ ಕೊಟ್ಟರೂ ಸರಿ ಬಿಟ್ಟರೂ ಸರಿ ಎಂಬ ಆಯ್ಕೆಗಳನ್ನು ಇಡಲೇ ಇಲ್ಲ. ಅಂಥವು ಪಕ್ಕದ ಫೈಲಿನ ಹೆಸರನ್ನೇ ನುಂಗುತ್ತವೆ. ಆಯ್ಕೆಯ ಮೌಲ್ಯ ಐಚ್ಛಿಕವಾಗಿರಬಾರದು ಎಂದು ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನಕವಾದ ಪೋಸಿಕ್ಸ್‌ನ ಮಾರ್ಗಸೂಚಿಯೂ ಹೇಳುತ್ತದೆ.

ಈಗ ‘ಬ’ ಒತ್ತಿದರೆ ಬರುವ ಉತ್ತರ: “--ಬಗೆ: ‘ಬ’ ಅಸ್ಪಷ್ಟ. ಬೆಟ್ಟೆ, ಬಿಳಿಗೋಟು ಇವುಗಳಲ್ಲಿ ಯಾವುದು?” ಕಮಾಂಡ್ ನಿಲ್ಲುವಾಗ ಕೊಡುವ ನಿರ್ಗಮನ ಸಂಖ್ಯೆ 2, ಅಂದರೆ ಕೊಟ್ಟ ಆಯ್ಕೆಯಲ್ಲಿ ತಪ್ಪು. ಗುಮಾಸ್ತರು ‘ಬೆ’ ಒತ್ತಿ ಮುಂದೆ ಹೋಗುತ್ತಾರೆ.