ಬೀರುವಿನಲ್ಲಿ ಮಲಗಿದ್ದ ಕ್ಯಾಮೆರಾ ಬೇಡ: ಹಳೆಯ ಸಾಮಾನಿನಲ್ಲೇ ನನ್ನ ಐದು ಮದುವೆ ಸುಗ್ಗಿ

ನಾನು ಮದುವೆ ಫೋಟೋಗ್ರಾಫರ್. ಹಳೆಯದಾಗಿಯೇ ಕೊಂಡ ನನ್ನ ಮೊದಲ ನಿಕಾನ್ ಡಿ750 ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಈ ವೈಶಾಖದ ಮದುವೆಗಳಲ್ಲಿ 2,30,000 ಕ್ಲಿಕ್ ದಾಟಿತು. ಆ ಮಾದರಿಯ ಶಟರನ್ನು, ಅಂದರೆ ಪ್ರತಿ ಕ್ಲಿಕ್ಕಿಗೂ ತೆರೆದು ಮುಚ್ಚುವ ಪರದೆಯನ್ನು, ಕಂಪನಿ ಪರೀಕ್ಷಿಸಿರುವುದು ಒಂದೂವರೆ ಲಕ್ಷಕ್ಕೆ. ನಾನು ಕೊಂಡಾಗಲೇ ಅದು 1,08,000 ಓಡಿತ್ತು. ಶಟರ್ ಇಂದಿಗೂ ಹುಟ್ಟಿನಿಂದ ಬಂದದ್ದೇ. ಹಳೆಯ ಸಾಮಾನಿನ ಬಗ್ಗೆ ಇಷ್ಟು ದಿನ ಬರೆಯಲು ಹಿಂಜರಿದೆ, ಈಗ ಬರೆಯುವ ಅಧಿಕಾರ ಬಂದಿದೆ ಅನ್ನಿಸುತ್ತಿದೆ.

2020ರ ಕೊನೆಯಲ್ಲಿ ಆ ಬಾಡಿಯನ್ನು ಕೊಂಡು ತಂದಾಗ ನನಗೆ ಕೆಲಸ ಕಲಿಸಿದ ಹನುಮಂತನಗರದ ಗುರುಗಳು ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ. "ಧಾರೆಯ ಹೊತ್ತಿಗೆ ಇದು ಕೈಕೊಟ್ಟರೆ ಹುಡುಗಿಯ ಅಪ್ಪನಿಗೆ ಹೇಳಿ ಇನ್ನೊಮ್ಮೆ ಧಾರೆ ಎರೆಸುತ್ತೀಯೇನಪ್ಪಾ?" ಎಂದರು. ಮಾತು ಚುಚ್ಚಿತು, ಏಕೆಂದರೆ ಅದರಲ್ಲಿ ನಿಜವಿತ್ತು. ನನ್ನ ಭಾವನದೂ ಅದೇ ಮಾತು: ಹೊಸದನ್ನೇ ತೆಗೆದುಕೊ, ಕಂತು ಕಟ್ಟಿದರಾಯಿತು. ಆಗ ಎರಡು ಹೊಸ ಬಾಡಿ, 24-70, 70-200 ಎಂಬ ಎರಡು ಜೂಮ್ ಲೆನ್ಸ್ ಎಲ್ಲ ಸೇರಿಸಿ ಅಂಗಡಿಯವರು ಕೊಟ್ಟ ಲೆಕ್ಕ ಏಳು ಲಕ್ಷ ದಾಟಿತ್ತು. ಛತ್ರಗಳಿಗೆ ಬೀಗ ಬಿದ್ದಿದ್ದ ವರ್ಷ ಅದು. ಮುಂಗಡ ಕೊಟ್ಟವರೇ ವಾಪಸು ಕೇಳುತ್ತಿದ್ದರು. ಯಾವ ಧೈರ್ಯದ ಮೇಲೆ ಕಂತು ಕಟ್ಟುವುದು?

ಹಾಗೆಂದು ಹಳೆಯ ಸಾಮಾನಿನ ದಾರಿ ನನಗೆ ಮೊದಲ ದಿನವೇ ಒಲಿಯಲಿಲ್ಲ. ಎರಡು ಪೆಟ್ಟು ತಿಂದಿದ್ದೇನೆ.

ಮೊದಲನೆಯದು 70-200. ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಒಂದರಲ್ಲಿ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಮಾರುತ್ತಿದ್ದರು. ಡಬ್ಬಿ, ಬಿಲ್ಲು, ಚರ್ಮದ ಚೀಲ ಎಲ್ಲವೂ ಇದ್ದವು. ಹೊರಗೆ ಒಂದು ಗೀರಿಲ್ಲ. "ನಾಲ್ಕು ವರ್ಷದಲ್ಲಿ ಎರಡು ಸಲ ಕಬಿನಿಗೆ ಒಯ್ದಿದ್ದೆ, ಅಷ್ಟೇ" ಎಂದರು. ಅದನ್ನೇ ಒಳ್ಳೆಯ ಗುಣವೆಂದು ನಂಬಿ 46,000 ಎಣಿಸಿ ಬಂದೆ. ಮನೆಗೆ ಬಂದು ರಾತ್ರಿ ದೀಪ ಆರಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನ ಗಾಜಿನಿಂದ ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ಬಿಳಿಯ ಎಳೆಗಳು ಹೊರಟು, ಕವಲೊಡೆದು, ಮತ್ತೆ ಕವಲೊಡೆದು, ಅರಳಿಯ ಒಣಗಿದ ಎಲೆಯ ನರಗಳಂತೆ ನಡುವಿನತ್ತ ಹಬ್ಬಿದ್ದವು. ಫಂಗಸ್, ಅಂದರೆ ತೇವಕ್ಕೆ ಹಿಡಿಯುವ ಬೂಷ್ಟು. ಬಿಚ್ಚಿಸಿ ತೊಳೆಸಿದೆ. ಎಳೆಗಳು ಹೋದವು, ಆದರೆ ಅವು ಕೂತಿದ್ದ ಜಾಗದಲ್ಲಿ ಗಾಜಿನ ಹೊಳಪು ತಡೆಯುವ ಲೇಪ, ಕೋಟಿಂಗ್, ತಿಂದುಹೋಗಿತ್ತು. ಮಂಟಪದ ಹಿಂದಿನ ದೀಪ ಬಿದ್ದರೆ ಸಾಕು, ಚಿತ್ರದ ಮೇಲೆ ಮಂಜು ಮುಸುಕುತ್ತಿತ್ತು. ಇದ್ದದ್ದನ್ನು ಇದ್ದಂತೆ ಹೇಳಿಯೇ ಮಾರಿದೆ. ತೊಳೆಸಿದ್ದೂ ಸೇರಿ 19,000 ಹೋಯಿತು.

ಎರಡನೆಯದು ರೀಫರ್ಬಿಶ್ಡ್ (ದುರಸ್ತಿ ಮಾಡಿ ಮಾರುವುದು) ಎಂದು ಚೀಟಿ ಅಂಟಿಸಿದ್ದ ಬಾಡಿ. ಅಂಗಡಿಯ ಹೆಸರು ಬೇಡ. ರಬ್ಬರ್ ಹೊಸದು, ಅಕ್ಷರಗಳು ಫಳಫಳ, ಅರವತ್ತು ದಿನದ ವಾರಂಟಿ. ಚಿತ್ರದ ಬಲಭಾಗ ಮಾತ್ರ ಯಾವಾಗಲೂ ಮೆತ್ತಗೆ. ಲೆನ್ಸ್ ಬದಲಿಸಿದರೂ ಅದೇ ಕಥೆ. ಬಿದ್ದು ಮೌಂಟ್ (ಲೆನ್ಸ್ ಕೂರುವ ಉಂಗುರ) ಓರೆಯಾದ ಬಾಡಿಗೆ ಹೊಸ ಕವಚ ತೊಡಿಸಿದ್ದರು. ತಳದಲ್ಲಿ ಕೊರೆದ ಸೀರಿಯಲ್ ಸಂಖ್ಯೆಗೂ ಚಿತ್ರದ ಕಡತದೊಳಗೆ ದಾಖಲಾಗುವ ಸಂಖ್ಯೆಗೂ ತಾಳೆಯೇ ಇರಲಿಲ್ಲ. ಅದನ್ನು ಮೊದಲೇ ನೋಡಿದ್ದರೆ 17,000 ಉಳಿಯುತ್ತಿತ್ತು. ಅಂದಿನಿಂದ ಎರಡೂ ಸಂಖ್ಯೆಗಳನ್ನು ನೋಡದೆ ಜೇಬಿಗೆ ಕೈ ಹಾಕುವುದಿಲ್ಲ, ಹೊಸ ರಬ್ಬರ್ ಕಂಡರೆ ಎರಡು ಪಟ್ಟು ಹೊತ್ತು ಪರೀಕ್ಷಿಸುತ್ತೇನೆ.

ಈ ಎರಡರ ಮಧ್ಯೆ, 62,000ಕ್ಕೆ ಕೊಂಡ ಆ ಮೊದಲ ಡಿ750 ಮಾತ್ರ ದೂರಿಲ್ಲದೆ ದುಡಿಯುತ್ತಿತ್ತು. ಅದನ್ನು ಕೊಟ್ಟವರು ತುಮಕೂರು ರಸ್ತೆಯ ಕಡೆಯ ಮದುವೆ ಫೋಟೋಗ್ರಾಫರ್. ಫ್ಲ್ಯಾಶ್ ಸಿಕ್ಕಿಸುವ ಹಾಟ್ ಶೂ ಬಣ್ಣ ಸವೆದು ಹಿತ್ತಾಳೆ ಬಣ್ಣ ಕಾಣುತ್ತಿತ್ತು, ಹೆಬ್ಬೆರಳು ಕೂರುವ ಜಾಗ ನುಣುಪಾಗಿತ್ತು. ನೋಡಿದವರೆಲ್ಲ ಮುಖ ಸಿಂಡರಿಸುವಂಥ ಬಾಡಿ. ಆದರೆ ವಾರಕ್ಕೆ ಎರಡು ಸಲ ಬಿಸಿಲು ಗಾಳಿ ಕಂಡಿತ್ತು, ಬ್ಯಾಟರಿ ಕೋಣೆಯ ತಿರುಪುಗಳಲ್ಲಿ ಚುಕ್ಕೆಯಷ್ಟೂ ತುಕ್ಕಿರಲಿಲ್ಲ. ಆಗ ನನಗೆ ಹೊಳೆಯಿತು: ಈ ಊರಿನಲ್ಲಿ ಓಡಿದ ಕ್ಯಾಮೆರಾ ವಾಸಿ, ಮಲಗಿದ ಕ್ಯಾಮೆರಾ ಕೇಡು. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಗೋಡೆಗಳೇ ತೇವ ಕುಡಿದಿರುತ್ತವೆ. ಬೀರುವಿನಲ್ಲಿ ಬಟ್ಟೆಯ ಪಕ್ಕ ಚರ್ಮದ ಚೀಲದೊಳಗೆ ಕೂತ ಲೆನ್ಸ್‌ಗೆ ಫಂಗಸ್ ಹಿಡಿಯದೆ ಇನ್ನೇನಾದೀತು? ಎಲ್ಲರೂ ಕಡಿಮೆ ಶಟರ್ ಕೌಂಟ್ ಹುಡುಕುತ್ತಾರೆ. ನಾನು ಒಂದು ಲಕ್ಷದ ಆಸುಪಾಸು ಓಡಿದ, ಒಬ್ಬನೇ ದುಡಿಸಿದ ಬಾಡಿ ಹುಡುಕುತ್ತೇನೆ. ಶಟರ್ ಹೋದರೆ ಹಾಕಿಸಬಹುದು, ಅದಕ್ಕೊಂದು ಬೆಲೆ ಇದೆ. ತುಕ್ಕು ಹಿಡಿದ ಬೋರ್ಡಿಗೆ ಬೆಲೆ ಕಟ್ಟುವ ಮೆಕ್ಯಾನಿಕ್ ಇಲ್ಲ.

ಕೊಳ್ಳುವ ಕಾಲ ಆಷಾಢ. ಮುಹೂರ್ತಗಳಿಲ್ಲ, ನಮ್ಮವರ ಕೈಯಲ್ಲಿ ದುಡ್ಡಿಲ್ಲ, ಶ್ರಾವಣದ ಹೊತ್ತಿಗೆ ಹೊಸದಕ್ಕೆ ಹಾರಬೇಕೆಂದವರು ಹಳೆಯದನ್ನು ಇಳಿಸುತ್ತಾರೆ. ವೈಶಾಖದಲ್ಲಿ 58,000 ಕೇಳಿದ ನನ್ನ ಎರಡನೆಯ ಡಿ750 ಬಾಡಿಯನ್ನು 2022ರ ಆಷಾಢದಲ್ಲಿ 51,000ಕ್ಕೆ ಅದೇ ಮನುಷ್ಯ ಕೊಟ್ಟರು. ಧನುರ್ಮಾಸದಲ್ಲೂ ಸ್ವಲ್ಪ ಇಳಿಯುತ್ತದೆ, ಅಷ್ಟಲ್ಲ.

ಟೆಸ್ಟ್ ಶಾಟ್‌ಗೆ ಭಾನುವಾರ ಬೆಳಗ್ಗೆ ಅವೆನ್ಯೂ ರಸ್ತೆಗೆ ಕರೆಯುತ್ತೇನೆ. ಮುಚ್ಚಿದ ಅಂಗಡಿಗಳ ರೋಲಿಂಗ್ ಶಟರ್‌ನ ಅಡ್ಡಗೆರೆಗಳಿಗಿಂತ ಒಳ್ಳೆಯ ಚಾರ್ಟ್ ಬೇಕಿಲ್ಲ. ನೇರ ನಿಂತು, ಲೆನ್ಸಿನ ಬೆಳಕಿನ ಕಿಂಡಿ ಪೂರ್ತಿ ತೆರೆದ ಅಪರ್ಚರ್‌ನಲ್ಲಿ ತೆಗೆದು ಎಡತುದಿ ಬಲತುದಿ ಹೋಲಿಸಿದರೆ ಬಿದ್ದ ಲೆನ್ಸ್ ತಾನೇ ಬಾಯಿಬಿಡುತ್ತದೆ. ಆಮೇಲೆ ಆ ಕಿಂಡಿಯನ್ನು ಎಫ್16ಕ್ಕೆ ಕಿರಿದುಮಾಡಿ ಆಕಾಶದ ಚಿತ್ರ ತೆಗೆಯುತ್ತೇನೆ, ಸೆನ್ಸರ್ ಮೇಲಿನ ಕೊಳೆ ಅದರಲ್ಲಿ ಕಾಣುತ್ತದೆ. ದೂಳು ಕಂಡರೆ ಚಿಂತೆಯಿಲ್ಲ, ಸುತ್ತ ಮಸುಕು ಉಂಗುರವಿರುವ ಎಣ್ಣೆಯ ಚುಕ್ಕೆ ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದರೆ ಬೆಲೆ ಇಳಿಸುತ್ತೇನೆ. ನಿಕಾನ್‌ನಲ್ಲಿ ಕ್ಲಿಕ್ ಲೆಕ್ಕ ಕಡತದಲ್ಲೇ ಸಿಗುತ್ತದೆ. ಕೆನಾನ್ ಆದರೆ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ನೋಡಬೇಕು. ಅದಕ್ಕೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಡುತ್ತೇನೆ. ಮೊದಲ ಹತ್ತು ನಿಮಿಷದಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲರೂ ಉತ್ತರ ಸಿದ್ಧಮಾಡಿಕೊಂಡು ಬರುತ್ತಾರೆ. ಎಸ್.ಪಿ. ರಸ್ತೆಯ ಹಿಂದಿನ ಓಣಿಯ ನನ್ನ ಮೆಕ್ಯಾನಿಕ್ ಯಾರೆಂದೂ ಹೇಳುವುದಿಲ್ಲ. ಅವರ ಮೇಜಿನ ಮೇಲೆ ಈಗಲೇ ಮೂರು ವಾರದ ಕೆಲಸ ಬಿದ್ದಿದೆ.

ಗುರುಗಳು ಹೆದರಿಸಿದ್ದ ಗಳಿಗೆ ಒಮ್ಮೆ ಬಂದೇ ಬಂತು. 2023ರಲ್ಲಿ ರಾಜಾಜಿನಗರದ ಛತ್ರವೊಂದರ ಆರತಕ್ಷತೆ. ಎರಡನೆಯ ಬಾಡಿಯ ಸದ್ದು ಒಮ್ಮೆಲೇ ಬದಲಾಯಿತು, ಚಿತ್ರದ ಕೆಳಗಿನ ಅರ್ಧ ಕಪ್ಪು, ಮೇಲಿನ ಪರದೆಯಲ್ಲಿ ಎರರ್ ಮಿನುಗತೊಡಗಿತು. ಸುಮಾರು 1,60,000ಕ್ಕೆ ಶಟರ್ ಕೈಬಿಟ್ಟಿತ್ತು. ಹೆಗಲ ಮೇಲಿದ್ದ ಮೊದಲ ಬಾಡಿಗೆ 24-70 ಹಾಕಿ ಮುಂದುವರಿಸಿದೆ. ಸಾಲಿನಲ್ಲಿ ಮುಂದಿನ ದಂಪತಿ ಉಡುಗೊರೆ ಕೊಟ್ಟು ಕೈ ಕುಲುಕುವಷ್ಟರಲ್ಲಿ ಸಿದ್ಧನಾಗಿದ್ದೆ. ಯಾರಿಗೂ ತಿಳಿಯಲಿಲ್ಲ. ಒಂದೇ ಮಾದರಿಯ ಎರಡು ಬಾಡಿ ಇಟ್ಟುಕೊಳ್ಳುವುದು ಇದಕ್ಕೇ: ಗುಂಡಿಗಳೂ ಅವೇ, ಬ್ಯಾಟರಿಯೂ ಅದೇ, ಎರಡು ಕಾರ್ಡ್ ಜಾಗ. ಹೊಸ ಶಟರ್‌ಗೆ ಕೂಲಿ ಸೇರಿ 12,500 ಆಯಿತು. ಹೊಸ ಬಾಡಿಯೂ ಧಾರೆಯ ಹೊತ್ತಿಗೆ ಕೈಕೊಡಬಲ್ಲದು, ಆದರೆ ಏಳು ಲಕ್ಷದ ಲೆಕ್ಕ ಕಂಡು ಒಂದೇ ಬಾಡಿ ಕೊಂಡವನ ಹೆಗಲ ಮೇಲೆ ಎರಡನೆಯದು ಇರುವುದಿಲ್ಲ.

ಲೆನ್ಸ್ ಇಡಲು ತೇವ ತಡೆಯುವ ಕಪಾಟು, ಡ್ರೈ ಕ್ಯಾಬಿನೆಟ್, ಕೊಳ್ಳುವ ಬದಲು ಹತ್ತು ಕಿಲೋ ಅಕ್ಕಿ ಹಿಡಿಸುವ ಬಿಗಿ ಮುಚ್ಚಳದ ಡಬ್ಬಿ ತಂದೆ. ಒಳಗೆ ತೇವ ಹೀರುವ ನೀಲಿ ಸಿಲಿಕಾ ಜೆಲ್, ಇನ್ನೂರು ಚಿಲ್ಲರೆಯ ತೇವಮಾಪಕ. ಮೊದಲ ವಾರ ಅತಿಯಾಸೆಯಿಂದ ಜೆಲ್ ಸುರಿದು ತೇವ ಶೇ 25ಕ್ಕೆ ಇಳಿಸಿದೆ. ಅಷ್ಟು ಒಣಗಿಸುವುದೂ ರಬ್ಬರಿಗೆ ಒಳ್ಳೆಯದಲ್ಲ, ಈಗ 45ರ ಹತ್ತಿರ ನಿಲ್ಲಿಸುತ್ತೇನೆ. ಗುಲಾಬಿಗೆ ತಿರುಗಿದ ಜೆಲ್ಲನ್ನು ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ನೀಲಿ ಬಣ್ಣದ ಕೋಬಾಲ್ಟ್ ವಿಷ, ಆದ್ದರಿಂದ ಅದಕ್ಕೆಂದೇ ಒಂದು ಹಳೆಯ ಬಾಣಲೆ, ಮನೆಯ ಹಿಂದೆ ಬಯಲಿನಲ್ಲಿ ಬೇರೆ ಒಲೆ. ಅಡುಗೆಮನೆಗೆ ತರಲೇಬೇಡಿ.

ಇನ್ನೊಂದು ಲಾಭ ನಿರೀಕ್ಷಿಸದೇ ಬಂದದ್ದು. ಡಿ750ಯೊಳಗೆ ಫೋಕಸ್ ಮೋಟಾರ್ ಇದೆ, ಆದ್ದರಿಂದ ತಮ್ಮೊಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳೂ ತಾವೇ ಫೋಕಸ್ ಆಗುತ್ತವೆ. ನಿಕಾನಿನ ಹೊಸ ಝಡ್ ಸರಣಿಯ ಕ್ಯಾಮೆರಾಗೆ ಹೋದವರು ಹಳೆಯ ಲೆನ್ಸ್ ಕೂರಿಸಲು ಬಳಸುವ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲ, ಹಾಗಾಗಿ ಅವರು ಅವನ್ನು ಸಿಕ್ಕ ಬೆಲೆಗೆ ಬಿಡುತ್ತಾರೆ. ಅಂಥ ಒಂದು ಲೆನ್ಸ್, ನನ್ನ 85 ಎಫ್1.8ಡಿ, ಬಂದದ್ದು 11,000ಕ್ಕೆ. ಮದುಮಗಳ ಮುಖಕ್ಕೆ ಅದರ ಬೆಳಕೇ ಬೇರೆ. ಫೋಕಸ್ ಮಾಡುವಾಗ ಗರ್ ಎನ್ನುತ್ತದೆ, ಓಲಗದ ಮುಂದೆ ಅದು ಯಾರಿಗೆ ಕೇಳುತ್ತದೆ?

ಬಾಯಿಲೆಕ್ಕ ಹೀಗಿದೆ: ಎರಡು ಬಾಡಿ 1,13,000, ಟ್ಯಾಮ್ರಾನ್ 24-70 ಜಿ2 48,000, ಎರಡನೆಯ ಸಲ ಪರೀಕ್ಷಿಸಿ ಕೊಂಡ 70-200 58,000, ಆ 85. ರಿಪೇರಿಗಳೆಲ್ಲ ಸೇರಿ 31,000. ಕಳೆದುಕೊಂಡ 36,000 ಕೂಡಿಸಿದರೂ ಮೂರು ಲಕ್ಷ ಮುಟ್ಟುವುದಿಲ್ಲ. ಪ್ರತಿ ಆರ್ಡರಿನಿಂದ ಒಂದು ಸಾವಿರ ರಿಪೇರಿ ಡಬ್ಬಿಗೆ ಹಾಕುತ್ತೇನೆ. ಅದಿಲ್ಲದೆ ಈ ದಾರಿಗೆ ಇಳಿಯಬೇಡಿ.

ಕಳೆದ ಆಷಾಢದಲ್ಲಿ ಗುರುಗಳು ಫೋನ್ ಮಾಡಿದರು. "ಒಂದು 70-200 ನೋಡಿದ್ದೇನೆ, ಬಿಡುವಿದ್ದರೆ ಬಾರಪ್ಪಾ, ಟಾರ್ಚ್ ತೆಗೆದುಕೊಂಡು ಬಾ" ಎಂದರು. ಹೋದೆ. ಸ್ಟುಡಿಯೋದ ಬಾಗಿಲು ಎಳೆದು ದೀಪ ಆರಿಸಿದರು. ನಾನು ಲೆನ್ಸನ್ನು ನಿಧಾನವಾಗಿ ತಿರುಗಿಸುತ್ತಾ ಹೋದೆ, ಅವರು ಕನ್ನಡಕ ಹಣೆಗೇರಿಸಿ ನನ್ನ ಪಕ್ಕದಲ್ಲೇ ಬಗ್ಗಿ ನಿಂತಿದ್ದರು. ಗಾಜು ಶುದ್ಧವಾಗಿತ್ತು. "ತೆಗೆದುಕೊಳ್ಳಿ ಸರ್" ಎಂದೆ. ಅವರು ಇನ್ನೇನೂ ಕೇಳದೆ ದುಡ್ಡು ಎಣಿಸಿದರು.