ಕುಕನೂರು-ಇಟಗಿ ಎರಡು ದಿನದಾಗ ನೋಡೋದು ಹೆಂಗ?

ಕುಕನೂರು, ಇಟಗಿ ಅಂದ್ರ ಕೊಪ್ಪಳ ಜಿಲ್ಲಾದಾಗಿನ ಹಳೇ ಗುಡಿಗಳ ಊರು. ಹಂಪಿಗೆ ಎಲ್ಲಾರೂ ಹೊಕ್ಕಾರ ಬಿಡ್ರಿ, ನೀವು ಒಂದ್ ಸಲ ಕೊಪ್ಪಳ ಸ್ಟೇಷನ್‌ನಾಗ ಇಳಿದು ನೋಡ್ರಿ, ಹಂಪಿ ಎಕ್ಸ್‌ಪ್ರೆಸ್ ಇಲ್ಲೂ ನಿಲ್ತೈತಿ. ರೂಮು ಕೊಪ್ಪಳದಾಗ ಮಾಡೋದು ಚಲೋ, ಯಾಕಂದ್ರ ಕುಕನೂರು ಸಣ್ಣ ಊರು.

ಶನಿವಾರ ಬಿಸಿಲು ಇಳಿದ ಮ್ಯಾಲೆ ಕುಕನೂರು ಬಸ್ ಹತ್ರಿ. ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು, ಒಂಬತ್ತು ಗುಡಿ ಒಂದಕ್ಕೊಂದು ಹೆಗಲು ಹಚ್ಚಿ ನಿಂತಂಗ ಕಾಣ್ತಾವು. ಬಾಜೂಕ ಮಹಾಮಾಯಿ ಗುಡಿ, ಅಲ್ಲಿ ಪೂಜಿ ಇನ್ನೂ ನಡಿತೈತಿ, ಅದಕ್ಕ ಮ್ಯೂಸಿಯಂಗೆ ಬಂದಂಗ ಅನ್ಸಂಗಿಲ್ಲ. ಕಲ್ಲೇಶ್ವರ ಗುಡೀನೂ ಮುಗಿಸಿ ಬಜಾರದಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ರಿ, ಮಿರ್ಚಿ ಬಾಣಲಿಯಿಂದ ತೆಗೆದಿದ್ದೇ ಬೇಕು ಅಂತ ಹೇಳ್ರಿ, ಇಲ್ಲಾಂದ್ರ ಬೆಳಿಗ್ಗೆದು ಬರ್ತೈತಿ.

ಭಾನುವಾರ ಇಟಗಿ. ಕುಕನೂರಿಂದ ಸುಮಾರು 7 ಕಿ.ಮೀ., ಟಂಟಂ (ಶೇರ್ ಆಟೋ) ಸಿಕ್ರೂ ಸಿಗಬಹುದು, ಆದ್ರ ವಾಪಸ್ ಬಸ್ ಎಷ್ಟಕ್ಕೈತಿ ಅಂತ ಇಳಿಯೋಕಿಂತ ಮೊದ್ಲೇ ಕಂಡಕ್ಟರ್‌ನ ಕೇಳ್ರಿ. ಬೆಳಿಗ್ಗೆನೇ ಹೋಗ್ರಿ, ಮಹಾದೇವ ಗುಡಿ ಮೂಡಣಕ್ಕ ಮುಖ ಮಾಡೈತಿ, ಎಳೆ ಬಿಸಿಲು ಸೀದಾ ಕಂಬಗಳ ಮ್ಯಾಲೆ ಬೀಳ್ತೈತಿ. ನಾ ಒಂದ್ ಸಲ ಮೇ ತಿಂಗಳಾಗ ನಡು ಮಧ್ಯಾಹ್ನ ಹೋಗಿ ಚಪ್ಲಿ ಬಿಟ್ಟು ನಿಂತ್ರ ಅಂಗಾಲು ಹಂಚಿನ ಮ್ಯಾಲಿನ ರೊಟ್ಟಿ ಆಗಿತ್ತು. ಚಾಲುಕ್ಯ ದೊರಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಾಗ ಕಟ್ಟಿಸಿದ್ದು ಇದು, ಶಾಸನದಾಗ "ದೇವಾಲಯ ಚಕ್ರವರ್ತಿ" ಅಂತ ಬರ್ದಾರ, ಹೆಚ್ಚಿಗಿ ಹೇಳಿಲ್ಲ ಅನ್ನೋದು ನನ್ನ ಅಭಿಪ್ರಾಯ. ಪೂರಾ ಗುಡಿ ನೋಡ್ಬ್ಯಾಡ್ರಿ ಮೊದ್ಲು, ಒಂದ್ ಕಂಬದ ಹತ್ರ ನಿಲ್ರಿ. ಚರಕಿಗೆ ಹಾಕಿ ತಿರುಗಿಸಿದಂಗ ಐತಿ, ಬಳಿ ತೊಡಿಸಿದಂಗ ಸುತ್ತು ಮ್ಯಾಲೆ ಸುತ್ತು, ಒಂದು ಚೂಪು, ಒಂದು ದುಂಡು, ನಡುವ ದಾರ ಇಟ್ಟಂಗ ಸಣ್ಣ ಗೆರಿ. ಆಮ್ಯಾಲೆ ಪುಷ್ಕರಣಿ ಕಡೆ ಹೋಗಿ ತಿರುಗಿ ನೋಡ್ರಿ.

ಟೈಮ್ ಉಳಿದ್ರ ಕೊಪ್ಪಳ ಕ್ವಾಟಿ ಹತ್ರಿ ಅಂತಾರ ಮಂದಿ, ನಾ ಮಾತ್ರ ಕಟ್ಟಿಗಿ ಗೊಂಬಿ ಮಾಡೋ ಊರು ಕಿನ್ನಾಳಕ್ಕ ಹೋಗ್ರಿ ಅಂತೀನಿ. ಚಿತ್ರಗಾರರ ಮನಿ ಕೇಳಿದ್ರ ಯಾರಾದ್ರೂ ತೋರಿಸ್ತಾರ. ಹಗುರ ಕಟ್ಟಿಗಿ, ಹುಣಸಿ ಬೀಜದ ಅಂಟು, ಕೈಲೇ ಬಣ್ಣ. ಕಾಮಧೇನು ಗೊಂಬಿ ತಗೊಂಡ್ರ ಪೇಪರ್‌ನಾಗ ಸುತ್ತಿ ಬ್ಯಾಗಿನ ಮ್ಯಾಲ್ಗಡೆ ಇಡ್ರಿ, ಕೆಳಗಿಟ್ರ ಕಿವಿ ಮುರೀತೈತಿ, ನಂದು ಮುರದೈತಿ.